ಹಿತ್ತಲ ಕೋಳಿಗೆ ಉಪ್ಪೆಷ್ಟು, ಸೊಪ್ಪೆಷ್ಟು?

ಪ್ರಶ್ನೆ: ನಾವು ಗದಗ ಕಡೆಯವರು, ಹಲವು ವರ್ಷಗಳಿಂದ ಗೋವೆಯಲ್ಲಿ ನೆಲೆಸಿದ್ದೇವೆ. ಹಿತ್ತಲಲ್ಲಿ ಎಂಟು ಗಿರಿರಾಜ ಹೇಂಟೆಗಳಿವೆ. ಜೋಳ, ಅಕ್ಕಿ ನುಚ್ಚು, ಅಡುಗೆಮನೆಯಲ್ಲಿ ಉಳಿದದ್ದು ಮತ್ತು ಮಳೆಗಾಲಕ್ಕೆಂದು ಕೂಡಿಟ್ಟ ಉಪ್ಪು ಮೀನಿನ ತಲೆಗಳೇ ಅವುಗಳ ಆಹಾರ. ಒಂದು ತಿಂಗಳಿಂದ ಒಂದರ ಪುಕ್ಕವನ್ನು ಇನ್ನೊಂದು ಕೀಳುತ್ತಿದೆ, ಮೊಟ್ಟೆಯ ಚಿಪ್ಪೂ ತೆಳುವಾಗಿದೆ. ಕುಡಿಯುವ ನೀರಿಗೆ ಉಪ್ಪು ಹಾಕಿರೆಂದು ನೆರೆಮನೆಯ ಅಜ್ಜಿ ಹೇಳುತ್ತಾರೆ. ಉಪ್ಪು ಕೋಳಿಗೆ ವಿಷವೆಂದು ಊರಿನಲ್ಲಿರುವ ನಮ್ಮ ಮಾವ ಹೇಳುತ್ತಾರೆ. ಯಾರ ಮಾತು ಸರಿ? ಅರಿಸಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು ಕೊಡಬಹುದೇ?
— ಓದುಗರೊಬ್ಬರು, ವಾಸ್ಕೋ

ಉತ್ತರ: ಉಪ್ಪು ಕೋಳಿಗೆ ಬೇಕೇ ಬೇಕು, ಆದರೆ ಅದು ನೀರಿನಲ್ಲಿ ಅಲ್ಲ, ಆಹಾರದಲ್ಲಿ ಬೆರೆತು, ಅಳತೆಗೆ ತಕ್ಕಂತೆ ಹೋಗಬೇಕು. ಜೋಳ, ಅಕ್ಕಿ, ಮೆಕ್ಕೆಜೋಳಗಳಲ್ಲಿ ಸೋಡಿಯಂ ತೀರ ಕಡಿಮೆ ಇರುವುದರಿಂದ, ಕಾಳನ್ನಷ್ಟೇ ತಿಂದ ಕೋಳಿ ಕ್ರಮೇಣ ಸೊರಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಒಂದನ್ನೊಂದು ಕುಕ್ಕುವ ಚಾಳಿಯೂ ಹತ್ತಬಹುದು. ಅಜ್ಜಿಯವರ ಮಾತಿನ ಮೂಲ ಇದೇ ಇರಬೇಕು. ಒಂದು ಕಿಲೋ ಒಣ ಆಹಾರಕ್ಕೆ 3 ಗ್ರಾಂ, ಅಂದರೆ ಸುಮಾರು ಅರ್ಧ ಚಹಾ ಚಮಚ ಪುಡಿ ಉಪ್ಪು ಸಾಕು. ಒಂದು ಹೇಂಟೆ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆಯಾದ್ದರಿಂದ, ನಿಮ್ಮ ಎಂಟೂ ಕೋಳಿಗಳಿಗೆ ಸೇರಿ ಒಂದು ದಿನದ ಲೆಕ್ಕ ಇಷ್ಟೇ.

ಈಗ ಉಪ್ಪು ಮೀನಿನ ಕಡೆ ನೋಡಿ. ಅದರ ತೂಕದ ಹತ್ತನೆಯ ಒಂದು ಭಾಗ ಮಾತ್ರ ಉಪ್ಪು ಎಂದುಕೊಂಡರೂ 50 ಗ್ರಾಂ ತಲೆಗಳಲ್ಲಿ 5 ಗ್ರಾಂ ಉಪ್ಪು ಸೇರಿಬಿಡುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿಗಳ ಉಳಿಕೆಯ ಉಪ್ಪು ಬೇರೆ. ನಿಮ್ಮ ಕೋಳಿಗಳಿಗೆ ಉಪ್ಪಿನ ಕೊರತೆ ಇಲ್ಲ, ಬಹುಶಃ ಹೆಚ್ಚೇ ಆಗುತ್ತಿದೆ. ಅವು ಅತಿಯಾಗಿ ನೀರು ಕುಡಿಯುತ್ತಿದ್ದರೆ, ಹಿಕ್ಕೆ ನೀರಾಗಿದ್ದರೆ ಈ ಅನುಮಾನ ಇನ್ನಷ್ಟು ಬಲವಾಗುತ್ತದೆ. ನೀರಿಗೂ ಉಪ್ಪು ಹಾಕಿದರೆ ಬಾಯಾರಿದ ಕೋಳಿ ಇನ್ನಷ್ಟು ಉಪ್ಪನ್ನೇ ಕುಡಿಯುತ್ತದೆ, ಚಿಪ್ಪು ಮತ್ತಷ್ಟು ತೆಳುವಾಗುತ್ತದೆ. ಮಾವನವರ ಭಯ ಈ ಮಟ್ಟಿಗೆ ನಿಜ, ಮರಿಗಳ ವಿಷಯದಲ್ಲಂತೂ ಇನ್ನೂ ಹೆಚ್ಚು ನಿಜ. ಗೋವೆಯ ಮಿಠಾಗರಗಳಿಂದ (ಉಪ್ಪಿನ ಗದ್ದೆಗಳಿಂದ) ಬರುವ ಹರಳುಪ್ಪನ್ನು ಕೋಳಿ ಓಡಾಡುವಲ್ಲಿ ಚೆಲ್ಲಬೇಡಿ. ಕಲ್ಲಿನ ಹರಳೆಂದು ಅದನ್ನು ಹೆಕ್ಕಿ ನುಂಗಿಬಿಡುತ್ತವೆ. ಉಪ್ಪು ಹಾಕದೆ ಒಣಗಿಸಿದ ಮೀನು ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ತಲೆಗಳನ್ನು ನೀರಿನಲ್ಲಿ ನೆನೆಸಿ, ಎರಡು ಬಾರಿ ನೀರು ಬದಲಿಸಿ ಕೊಡಿ, ಬೇರೆ ಉಪ್ಪು ಸೇರಿಸಬೇಡಿ.

ಹಾಗಾದರೆ ಪುಕ್ಕ ಕೀಳುವುದೇಕೆ? ಗೂಡಿನಲ್ಲಿ ಇಕ್ಕಟ್ಟು, ಹೇನು ಅಥವಾ ಉಣ್ಣೆಯ ಕಾಟ, ಪ್ರೋಟೀನಿನ ಕೊರತೆ, ಈ ಮೂರನ್ನೂ ಮೊದಲು ನೋಡಿ. ಪುಕ್ಕ ಬೆಳೆಯಲು ಬೇಕಾದ ಮೆಥಿಯೊನೈನ್ ಎಂಬ ಅಂಶ ಎಳ್ಳಿನ ಹಿಂಡಿಯಲ್ಲಿ ಚೆನ್ನಾಗಿದೆ. ಶೇಂಗಾ ಹಿಂಡಿಯಲ್ಲಿ ಅದು ಕಡಿಮೆ, ಮೇಲಾಗಿ ಗೋವೆಯ ಮಳೆಗಾಲದಲ್ಲಿ ಶೇಂಗಾ ಹಿಂಡಿಗೆ ಬೂಸ್ಟು ಬೇಗ ಹತ್ತುತ್ತದೆ. ಬೂಸ್ಟು ಹಿಡಿದ ಹಿಂಡಿಯಲ್ಲಿರುವ ಅಫ್ಲಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ.

ಚಿಪ್ಪಿನ ಪ್ರಶ್ನೆ ಸುಣ್ಣದ ಪ್ರಶ್ನೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಗೋವೆಯಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ: ಊಟಕ್ಕೆ ಬಳಸಿದ ತಿಸರ್ಯೊ (ಕಪ್ಪೆಚಿಪ್ಪು) ಚಿಪ್ಪುಗಳನ್ನು ತೊಳೆದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಜೋಳದ ಕಾಳಿಗಿಂತ ಸಣ್ಣದಾಗಿ ಕುಟ್ಟಿ ಬೇರೆ ಬಟ್ಟಲಿನಲ್ಲಿ ಇಡಿ. ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ಆಹಾರಕ್ಕೆ ಬೆರೆಸಿ ಬಲವಂತವಾಗಿ ತಿನ್ನಿಸಬೇಡಿ.

ನುಗ್ಗೆಸೊಪ್ಪು ಕೊಡಿ, ದಿನವೂ ಕೊಡಬಹುದು. ಮೊಟ್ಟೆಯ ಹಳದಿ ಭಾಗಕ್ಕೆ ಬಣ್ಣ ಬರುತ್ತದೆ. ಸ್ವಲ್ಪ ಅರಿಸಿನ, ಬೆಳ್ಳುಳ್ಳಿಯಿಂದ ತೊಂದರೆಯಿಲ್ಲ. ಆದರೆ ಅವುಗಳಿಂದ ರಾಣಿಖೇತ್ ರೋಗ ತಡೆಯಬಹುದೆಂದು ಮಾತ್ರ ನಂಬಬೇಡಿ, ಅದಕ್ಕೆ ಲಸಿಕೆಯೇ ಬೇಕು. ಚಿಪ್ಪು ತೆಳುವಾಗುವುದರ ಜೊತೆಗೆ ಸೀನು, ಹಸಿರು ಹಿಕ್ಕೆ, ಕುತ್ತಿಗೆ ತಿರುಚುವುದು ಕಂಡರೆ ಮನೆಮದ್ದು ಬದಿಗಿಟ್ಟು ಅಂದೇ ಪಶುವೈದ್ಯರನ್ನು ಕಾಣಿ.

ಪ್ರಶ್ನೆ: ನಾವು ಅಂಗಡಿಯ ಲೇಯರ್ ಫೀಡ್ (ಮೊಟ್ಟೆಯಿಡುವ ಕೋಳಿಗಳ ಸಿದ್ಧ ಆಹಾರ) ಕೊಡುತ್ತೇವೆ. ಅದಕ್ಕೆ ಉಪ್ಪು, ಚಿಪ್ಪಿನ ಪುಡಿ ಸೇರಿಸಬೇಕೇ?
— ಓದುಗರೊಬ್ಬರು, ಪುಣೆ

ಉತ್ತರ: ಬೇಡ, ಎರಡೂ ಅದರಲ್ಲಿವೆ. ಆದರೆ ಅರ್ಧದಷ್ಟು ಜೋಳ ಬೆರೆಸಿದರೆ ಅವೂ ಅರ್ಧದಷ್ಟಾಗುತ್ತವೆ. ಆಗ ಚಿಪ್ಪಿನ ಬಟ್ಟಲು ಇಡಿ. ಮೊಟ್ಟೆಗೆ ಬಾರದ ಮರಿಗಳಿಗೆ ಈ ಫೀಡನ್ನು ಕೊಡಬೇಡಿ, ಅಷ್ಟೊಂದು ಕ್ಯಾಲ್ಸಿಯಂನಿಂದ ಅವುಗಳ ಮೂತ್ರಪಿಂಡ ಕೆಡುತ್ತದೆ.