ಆಯಸ್ಕಾಂತ ಅಂಟಿದರೂ ಅದು ಸ್ಟೇನ್‌ಲೆಸ್ ಇರಬಹುದು

ಸರ್, ಮಲ್ಪೆಯಲ್ಲಿ ನಿಲ್ಲಿಸುವ ನಿಮ್ಮ ಕಾರಿನ ಸ್ಟೇನ್‌ಲೆಸ್ ಸ್ಟೀಲ್ ಸೈಲೆನ್ಸರ್ ಎರಡನೇ ಮಳೆಗಾಲಕ್ಕೇ ಕಂದಾಗಿದೆ, ಆಯಸ್ಕಾಂತವೂ ಅಂಟುತ್ತಿದೆ, ಮೋಸ ಆಗಿದೆಯಾ, 304 ದರ್ಜೆಯ ಸ್ಟೇನ್‌ಲೆಸ್ ಹಾಕಿಸಲಾ ಅಂತ ಕೇಳಿದ್ದೀರಿ. ಮೋಸ ಅಂತ ಈಗಲೇ ತೀರ್ಮಾನಿಸಬೇಡಿ. ಕಾರಿನ ಸೈಲೆನ್ಸರ್‌ಗಳಿಗೆ ತುಂಬ ಬಳಕೆಯಲ್ಲಿರುವ 409 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು 11% ಅಷ್ಟೇ, ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಆಯಸ್ಕಾಂತ ಅಂಟಿಯೇ ಅಂಟುತ್ತದೆ, ಉಪ್ಪುಗಾಳಿಗೆ ಮೇಲ್ಮೈ ಕಂದಾಗುತ್ತದೆ. ತಣ್ಣಗಿರುವಾಗ ಉಜ್ಜಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಪದರ ಉದುರದೆ ಠಣ್ ಎಂದರೆ ಸದ್ಯಕ್ಕೆ ಬದಲಿಸಬೇಕಿಲ್ಲ.

ನನಗೆ ಹೆಚ್ಚು ಚಿಂತೆ ಒಳಗಿನದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಬಂದರೆ ಹಿಂದಿನ ಡಬ್ಬ ಬಿಸಿಯೇ ಆಗುವುದಿಲ್ಲ; ಹಬೆ ತಣಿದು, ಹೊಗೆಯ ಆಮ್ಲ ಸೇರಿ, ತಳದಲ್ಲಿ ನಿಂತು ಬೆಸುಗೆಯ ಅಂಚನ್ನು ಒಳಗಿಂದ ತಿನ್ನುತ್ತದೆ. ಆಗಾಗ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ. ಡಬ್ಬದ ಕೆಳಗೆ ನೀರಿಳಿಯುವ ಸಣ್ಣ ತೂತಿದ್ದರೆ ಕೆಸರು ಕಟ್ಟದಂತೆ ನೋಡಿಕೊಳ್ಳಿ, ದಯವಿಟ್ಟು ಮುಚ್ಚಿಸಬೇಡಿ.

ತುಕ್ಕು ತಿಂದು ತೂತು ಬಿದ್ದಿದ್ದರೆ ಮಾತ್ರ 304 ಹಾಕಿಸಿ. 18% ಕ್ರೋಮಿಯಂ, 8% ನಿಕಲ್ ಇರುವುದರಿಂದ ಕಡಲ ಬದಿಗೆ ಖಂಡಿತ ಮೇಲು. ಆದರೆ ವೆಲ್ಡಿಂಗ್ ಮಾಮೂಲಿ ಕಬ್ಬಿಣದ ರಾಡ್‌ನಲ್ಲಿ ಬೇಡ, ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. 304ಕ್ಕೆ 304 ಸೇರಿಸಲು 308ಎಲ್ ಎಂಬ ಸ್ಟೇನ್‌ಲೆಸ್ ರಾಡ್, ಹಳೇ ಕಬ್ಬಿಣದ ಪೈಪಿಗೆ ಸೇರಿಸಲು 309ಎಲ್ ಕೇಳಿ. ಇನ್ನೊಂದು, 304 ಬಿಸಿಗೆ 409ಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯನ್ನು ತಾಳಿಕೊಳ್ಳುವ, ಎಂಜಿನ್ ಹತ್ತಿರದ ಬಾಗುವ ಜಾಲರಿ ಪೈಪನ್ನು ತೆಗೆಸಿ ನೇರ ಪೈಪ್ ಹಾಕಿಸಿದರೆ ಬೆಸುಗೆ ಬಿರುಕು ಬಿಡುತ್ತದೆ.