ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾದರಿ ಗೂಡ್ಸ್ ಡಬ್ಬಿಗೆ ಯಾವ ಬಣ್ಣ, ಯಾವ ಅಕ್ಷರ?

ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಮಾದರಿ ರೈಲಿನ ಬಣ್ಣ-ಬರಹ ಕುರಿತ ಐದು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ (ಮುಲುಂಡ್): 1:87 ಅಳತೆಯಲ್ಲಿ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ನಾಲ್ಕು ಗಾಲಿಯ ಮುಚ್ಚು ಡಬ್ಬಿ ಕಟ್ಟಿದ್ದೇನೆ. ಕೈಯಲ್ಲಿರುವುದು ಎರಡು ಕಪ್ಪು-ಬಿಳುಪು ಫೋಟೊ. ಒಂದರಲ್ಲಿ ಡಬ್ಬಿ ತಿಳಿ ಬೂದು, ಇನ್ನೊಂದರಲ್ಲಿ ಹೆಚ್ಚುಕಡಿಮೆ ಕಪ್ಪು. ಯಾವುದನ್ನು ನಂಬಲಿ?

ಉತ್ತರ: ಅಕ್ಷರಕ್ಕೆ ಎರಡನ್ನೂ ನಂಬಿ, ಬಣ್ಣಕ್ಕೆ ಯಾವುದನ್ನೂ ನಂಬಬೇಡಿ. ತಿಳಿ ಬೂದು ಡಬ್ಬಿಯ ಹಿನ್ನೆಲೆ ಖಾಲಿಯಾಗಿದ್ದು, ಗಾಲಿಯ ಮೇಲೆ ಧೂಳಿನ ಸುಳಿವೂ ಇಲ್ಲದಿದ್ದರೆ ಅದು ಕಾರ್ಖಾನೆಯವರು ತೆಗೆಸಿದ ಫೋಟೊ ಇರಬಹುದು. ಇಂಗ್ಲೆಂಡಿನ ಕಾರ್ಖಾನೆಗಳು ಹೊಸ ಡಬ್ಬಿಗೆ ಫೋಟೊಕ್ಕೆಂದೇ ಬೂದು ಬಳಿದು ನಿಲ್ಲಿಸುವ ರೂಢಿ ಇತ್ತು. ಬೋಲ್ಟು, ರಿವೆಟ್ಟು, ಅಕ್ಷರ ಎಲ್ಲವೂ ಎದ್ದು ಕಾಣುತ್ತವೆ, ಓಡಾಟದ ಬಣ್ಣ ಮಾತ್ರ ಅದಲ್ಲ.

ಕಪ್ಪು ಡಬ್ಬಿಯ ಕಥೆ ಬೇರೆ. 1920ರ ದಶಕದವರೆಗೆ ಹೆಚ್ಚು ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಎಂಬ ಬಗೆಯ ಫೋಟೊ ಪ್ಲೇಟಿಗೆ ಕೆಂಪು ಕಾಣಿಸುವುದೇ ಇಲ್ಲ. ಕೆಂಪು ಮಣ್ಣಿನ ಬಣ್ಣದ ಡಬ್ಬಿಯೂ ಅದರಲ್ಲಿ ಕಪ್ಪಾಗಿಯೇ ಬರುತ್ತದೆ. ನಿಮ್ಮ ಫೋಟೊ ಯಾವ ಜಾತಿಯದೆಂದು ತಿಳಿಯಲು ಅದೇ ಚಿತ್ರದಲ್ಲಿ ಗಾರ್ಡಿನ ಬಾವುಟವನ್ನೋ ಸೆಮಫೋರ್ ಸಿಗ್ನಲ್ಲಿನ ಕೈಯನ್ನೋ ಹುಡುಕಿ. ಕೆಂಪು ಕೈ ಮಸಿಯಂತೆ ಕಂಡು, ಆಕಾಶ ಬರಿಯ ಬಿಳಿಯಾಗಿದ್ದರೆ ಆರ್ಥೋಕ್ರೊಮ್ಯಾಟಿಕ್ ಎಂದುಕೊಳ್ಳಿ. ಆಗ ಡಬ್ಬಿ ಕೆಂಪೋ ಕಪ್ಪೋ ಎಂಬ ಪ್ರಶ್ನೆ ತೆರೆದೇ ಇರುತ್ತದೆ.

ಅದಕ್ಕೆ ಸಾಕ್ಷಿ ಡಬ್ಬಿಯ ಮೈಮೇಲೆಯೇ ಸಿಗಬಹುದು. ಯಾರ್ಡುಗಳಲ್ಲಿ ಗಾಲಿ ಕಳಚಿ ಸಾಮಾನು ಕೋಣೆಯಾಗಿಸಿದ ಹಳೆಯ ಡಬ್ಬಿ ಇದ್ದರೆ, ಅನುಮತಿ ಪಡೆದು, ಬಾಗಿಲಿನ ಹಿಂದೆ ಬಿಸಿಲು ತಾಗದ ಜಾಗದಲ್ಲಿ 3 ಸೆಂ.ಮೀ. ಅಗಲದ ವೃತ್ತವನ್ನು ನೀರು ಹಚ್ಚಿ ಉಜ್ಜಿ: ಮೊದಲು 400, ಆಮೇಲೆ 600, ಕೊನೆಗೆ 1000 ನಂಬರಿನ ಉಜ್ಜುಕಾಗದ. ನಡುವಿನಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ ಉಜ್ಜಿದರೆ ಈರುಳ್ಳಿ ಬಿಲ್ಲೆಯಂತೆ ಬಣ್ಣದ ಉಂಗುರಗಳು ತೆರೆದುಕೊಳ್ಳುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ; ಒಣಗಿಸಿ ಉಜ್ಜಬೇಡಿ, ಮಾಸ್ಕ್ ಬಿಡಬೇಡಿ. ಎಲ್ಲರೂ ಎಡವುವುದು ತಳದ ಉಂಗುರದಲ್ಲಿ: ಅಲ್ಲಿ ಕಾಣುವ ಕೆಂಪು ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರ) ಇರಬಹುದು. ಅದನ್ನೇ ಮೂಲ ಬಣ್ಣವೆಂದು ಹಿಡಿದರೆ ಕೆಲಸ ಕೆಟ್ಟಿತು.

ಇದಕ್ಕೆಲ್ಲ ಮೊದಲು ವರ್ಷ ಗೊತ್ತುಮಾಡಿಕೊಳ್ಳಿ. ಸರ್ಕಾರ ಜಿಐಪಿಯ ಆಡಳಿತವನ್ನು ಕೈಗೆತ್ತಿಕೊಂಡದ್ದು 1925ರಲ್ಲಿ. ಸೆಂಟ್ರಲ್ ರೈಲ್ವೆ ಆದದ್ದು 1951ರ ನವೆಂಬರ್ 5ರಂದು. ಮರುದಿನ ಬೆಳಗಾಗುವುದರೊಳಗೆ ಎಲ್ಲ ಡಬ್ಬಿಯ ಹೆಸರೂ ಬದಲಾಗಲಿಲ್ಲ, ವರ್ಕ್‌ಶಾಪಿಗೆ ಸರದಿ ಬಂದಾಗ ಬದಲಾಯಿತು. 1952ರ ಮಾದರಿಯಲ್ಲಿ ಜಿಐಪಿ ಡಬ್ಬಿಯ ಪಕ್ಕ ಸಿ.ಆರ್. ಡಬ್ಬಿ ನಿಂತರೆ ತಪ್ಪಿಲ್ಲ. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕುಳಿತರೆ ಹಳೆಯ ರೈಲ್ವೆ ಕಡತಗಳನ್ನು ನೋಡಬಹುದು. ಅಲ್ಲಿ ಹುಡುಕಬೇಕಾದ್ದು ಬಣ್ಣವನ್ನಲ್ಲ. ಆ ನಮೂನೆಯ ಡಬ್ಬಿ ಆ ವರ್ಷ ಇತ್ತೇ ಎಂಬುದನ್ನು. ಮೈಸೂರು, ದೆಹಲಿಯ ರೈಲು ಸಂಗ್ರಹಾಲಯಗಳಲ್ಲಿ ಅಳತೆ ತೆಗೆದುಕೊಳ್ಳಿ, ಬಣ್ಣ ಬೇಡ: ಬಯಲಲ್ಲಿ ನಿಂತ ವಾಹನಕ್ಕೆ ಎಷ್ಟು ಸಲ ಬಣ್ಣ ಬಿದ್ದಿದೆಯೋ!

ಪ್ರಶ್ನೆ (ಕೊತ್ರೂಡ್, ಪುಣೆ): ಬಾಕ್ಸ್-ಎನ್ ಎಂಬ ತೆರೆದ ವ್ಯಾಗನ್ನಿನ ಫೋಟೊ ಓರೆಯಾಗಿದೆ. ಅಕ್ಷರದ ಎತ್ತರ ಲೆಕ್ಕ ಹಾಕುವುದು ಹೇಗೆ?

ಉತ್ತರ: ಗಿಂಪ್‌ನಂಥ ತಂತ್ರಾಂಶದ ಪರ್ಸ್ಪೆಕ್ಟಿವ್ ಸಾಧನದಲ್ಲಿ ಪಕ್ಕದ ತಗಡಿನ ನಾಲ್ಕು ಮೂಲೆ ಹಿಡಿದು ಚಿತ್ರವನ್ನು ನೇರ ಮಾಡಿ. ಬಾಕ್ಸ್-ಎನ್ ಹೆಡ್‌ಸ್ಟಾಕ್‌ನಿಂದ (ತುದಿಯ ಅಡ್ಡತೊಲೆ) ಹೆಡ್‌ಸ್ಟಾಕ್‌ಗೆ 9784 ಮಿ.ಮೀ. ಆ ಉದ್ದ 1957 ಪಿಕ್ಸೆಲ್ ಆಗುವಂತೆ ಚಿತ್ರವನ್ನು ಎಳೆದರೆ ಒಂದು ಪಿಕ್ಸೆಲ್ಲಿಗೆ 5 ಮಿ.ಮೀ. ಬಿತ್ತು. ಅಕ್ಷರ 40 ಪಿಕ್ಸೆಲ್ ಇದ್ದರೆ ನಿಜದಲ್ಲಿ 200 ಮಿ.ಮೀ., 1:87ರಲ್ಲಿ 2.3 ಮಿ.ಮೀ.

ಎತ್ತರ ಸರಿ ಬಂತೇ ಎಂದು ನೋಡಲು ಹಳಿಯಿಂದ ಮೇಲಂಚಿಗೆ 3225 ಮಿ.ಮೀ. ಇದೆ, ಅಂದರೆ 645 ಪಿಕ್ಸೆಲ್. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ವ್ಯಾಗನ್ನಿನ ಅಗಲ 3200, ಹಳಿಗಳ ನಡುವೆ 1676. ಹಳಿಯು ತಗಡಿಗಿಂತ ಸುಮಾರು 75 ಸೆಂ.ಮೀ. ಒಳಗಿರುತ್ತದೆ. ಪ್ಲಾಟ್‌ಫಾರ್ಮಿನಿಂದ ಹತ್ತಿರ ನಿಂತು ತೆಗೆದ ಫೋಟೊದಲ್ಲಿ ಈ ಅಂತರ ಲೆಕ್ಕವನ್ನು ಕೆಡಿಸುತ್ತದೆ. ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದದ್ದನ್ನೇ ಆರಿಸಿ. ಹಾಗೆಯೇ ಅಕ್ಷರದ ಆಕಾರ ಗಮನಿಸಿ: ಸ್ಟೆನ್ಸಿಲ್ಲಿನಲ್ಲಿ ಬಳಿದ ಸೊನ್ನೆ, ಎಂಟುಗಳಲ್ಲಿ ಸಣ್ಣ ಸೇತುವೆಗಳು ಬಿಟ್ಟಿರುತ್ತವೆ, ಕೈಯಲ್ಲಿ ಬರೆದದ್ದರಲ್ಲಿ ಇರುವುದಿಲ್ಲ. ಕಂಪ್ಯೂಟರಿನ ಸಿದ್ಧ ಫಾಂಟು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಫೋಟೊದ ಮೇಲೆಯೇ ಇಂಕ್‌ಸ್ಕೇಪಿನಲ್ಲಿ ಗೆರೆ ಎಳೆಯುವುದು ಲೇಸು.

ಪ್ರಶ್ನೆ (ವಾಸ್ಕೋ): 1975ರ ಸುಮಾರಿನ ಮೀಟರ್ ಗೇಜ್ ರೇಕಿಗೆ (ಡಬ್ಬಿಗಳ ಸಾಲಿಗೆ) ದ.ಪ.ರೇ., ಅಂದರೆ ಹಿಂದಿಯ ದಕ್ಷಿಣ ಪಶ್ಚಿಮ (ನೈಋತ್ಯ) ರೇಲ್ವೆ ಎಂದು ಬರೆಯಬಹುದೇ?

ಉತ್ತರ: ಬೇಡ. ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆ ಕೆಲಸ ಆರಂಭಿಸಿದ್ದು 2003ರಲ್ಲಿ, ಅಷ್ಟರಲ್ಲಿ ವಾಸ್ಕೋ ಬ್ರಾಡ್ ಗೇಜ್ ಆಗಿತ್ತು. 1966ರ ಅಕ್ಟೋಬರ್ 2ರಿಂದ ಹುಬ್ಬಳ್ಳಿ ವಿಭಾಗ ಸೌತ್ ಸೆಂಟ್ರಲ್ ರೈಲ್ವೆಯಲ್ಲಿತ್ತು; ಹಿಂದಿಯಲ್ಲಿ ದ.ಮ.ರೇ. ಅದಕ್ಕೂ ಮೊದಲು ಅದು ಸದರ್ನ್, ಅಂದರೆ ದ.ರೇ. ಡಬ್ಬಿಯ ಮೇಲಿನ ಅಕ್ಷರ ಒಡೆಯನದು, ಓಡುವ ದಾರಿಯದಲ್ಲ. ಹತ್ತು ಡಬ್ಬಿಯಲ್ಲಿ ಎರಡು ಮೂರಕ್ಕೆ ದ.ರೇ. ಹಾಕಿದರೆ ರೇಕು ಸಹಜವಾಗಿ ಕಾಣುತ್ತದೆ. ಹತ್ತೂ ಒಂದೇ ಹೆಸರು ಹೊತ್ತರೆ ಅಂಗಡಿಯಿಂದ ತಂದಂತೆ ಕಾಣುತ್ತದೆ.

ಪ್ರಶ್ನೆ (ಡೊಂಬಿವಲಿ): ವ್ಯಾಗನ್ನಿನ ಹನ್ನೊಂದು ಅಂಕಿಯ ನಂಬರು ನಾನೇ ಕಟ್ಟಿಕೊಳ್ಳಬಹುದೇ?

ಉತ್ತರ: ನಿಮ್ಮ ಮಾದರಿ 2000ದ ದಶಕದ ಈಚಿನದಾದರೆ ಧಾರಾಳವಾಗಿ, 1990ರ ರೇಕಿಗೆ ಇದು ಬೇಡ. ಮೊದಲ ಎರಡು ಅಂಕಿ ವ್ಯಾಗನ್ನಿನ ಬಗೆ (ತೆರೆದವು 10ರಿಂದ 29), ಮುಂದಿನೆರಡು ಒಡೆಯ ರೈಲ್ವೆ (ಸೆಂಟ್ರಲ್ 01, ವೆಸ್ಟರ್ನ್ 08), ಆಮೇಲೆರಡು ತಯಾರಾದ ವರ್ಷ, ನಾಲ್ಕು ಕ್ರಮಸಂಖ್ಯೆ, ಕೊನೆಯದು ತಾಳೆ ಅಂಕಿ. ಬಹಳ ಜನ ಈ ಕೊನೆಯದನ್ನು ಬಾಯಿಗೆ ಬಂದಂತೆ ಹಾಕುತ್ತಾರೆ, ಲೆಕ್ಕ ಬಲ್ಲವರು ಅಲ್ಲೇ ಹಿಡಿಯುತ್ತಾರೆ.

10 01 98 1234 ತೆಗೆದುಕೊಳ್ಳಿ. ಸಮಸ್ಥಾನದ ಅಂಕಿಗಳು 0, 1, 8, 2, 4. ಕೂಡಿದರೆ 15, ಮೂರರಿಂದ ಗುಣಿಸಿದರೆ 45. ಬೆಸಸ್ಥಾನದವು 1, 0, 9, 1, 3, ಮೊತ್ತ 14. ಎರಡೂ ಸೇರಿ 59. ಮುಂದಿನ ಹತ್ತರ ಗುಣಕ 60ಕ್ಕೆ ಬೇಕಾದ್ದು 1. ಪೂರ್ತಿ ನಂಬರು 10019812341. ಡಬ್ಬಿಯ ಮೇಲೆ ಬರೆಯುವ ಪಿಒಎಚ್ (ವರ್ಕ್‌ಶಾಪಿನಲ್ಲಿ ನಿಗದಿತ ಅವಧಿಗೊಮ್ಮೆ ಆಗುವ ದೊಡ್ಡ ದುರಸ್ತಿ) ಆದ ತಿಂಗಳು ನಿಮ್ಮ ಮಾದರಿಯ ಕಾಲಕ್ಕಿಂತ ಹಿಂದೆ, ಮರಳಿ ಬರಬೇಕಾದ ತಿಂಗಳು ಅದಕ್ಕಿಂತ ಮುಂದೆ ಇರಲಿ.

ಪ್ರಶ್ನೆ (ಗೋರೆಗಾಂವ್): ಜುಲೈನಲ್ಲಿ ಡಿಕಾಲ್ (ಅಕ್ಷರ ಮುದ್ರಿಸಿದ ತೆಳು ಫಿಲ್ಮು) ಅಂಟಿಸಿ ಮ್ಯಾಟ್ (ಹೊಳಪಿಲ್ಲದ) ಲ್ಯಾಕರ್ ಸ್ಪ್ರೇ ಹೊಡೆದೆ. ಡಬ್ಬಿಯೆಲ್ಲ ಹಾಲು ಚೆಲ್ಲಿದಂತಾಯಿತು. ಡಿಕಾಲಿನದೇ ತಪ್ಪೇ?

ಉತ್ತರ: ಅಕ್ಷರದ ಸುತ್ತ ಫಿಲ್ಮಿನ ಅಡಿಯಲ್ಲಷ್ಟೇ ಬೆಳ್ಳಗಿದ್ದರೆ ಅದು ಸಿಕ್ಕಿಕೊಂಡ ಗಾಳಿ. ಮೈಯೆಲ್ಲ ಬೆಳ್ಳಗಾದರೆ ಮಳೆಗಾಲದ ತೇವ. ಸ್ಪ್ರೇಯ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂಡುತ್ತದೆ. ನಿಮ್ಮದು ಎರಡನೆಯದು, ಡಿಕಾಲ್ ನಿರಪರಾಧಿ. ಥಿನ್ನರ್ ಹಚ್ಚಿ ಒರೆಸಲು ಹೋಗಬೇಡಿ, ಅಕ್ಷರ ಕರಗಿ ಹೋಗುತ್ತದೆ. ಎರಡು ದಿನ ಒಣಗಲು ಬಿಟ್ಟು, ತೇವಾಂಶ ಶೇ. 60ಕ್ಕಿಂತ ಕೆಳಗಿಳಿದ ದಿನ ಅದೇ ಲ್ಯಾಕರಿನ ಗ್ಲಾಸ್ (ಹೊಳಪಿನ) ಬಗೆಯನ್ನು ತೆಳ್ಳಗೆ ಒಂದು ಪದರ ಹೊಡೆಯಿರಿ. ಸಾಮಾನ್ಯವಾಗಿ ಮಂಜು ತಿಳಿಯಾಗುತ್ತದೆ. ಮ್ಯಾಟ್ ಆಮೇಲೆ.

ಮುಂದಿನ ಡಬ್ಬಿಗೆ: ಬಣ್ಣದ ಮೇಲೆ ಗ್ಲಾಸ್ ಎರಡು ತೆಳು ಪದರ, 24 ಗಂಟೆ ಬಿಡುವು, ಫಿಲ್ಮನ್ನು ಅಕ್ಷರಕ್ಕೆ ಒತ್ತಿ ಕತ್ತರಿಸುವುದು, ಕೂತ ಮೇಲೆ ಹಲಗೆ ಸಂದುಗಳುದ್ದಕ್ಕೂ ಹೊಸ ಬ್ಲೇಡಿನಿಂದ ಸೀಳಿ, ಫಿಲ್ಮನ್ನು ಮೆತ್ತಗಾಗಿಸಿ ಕೂರಿಸುವ ಸೆಟ್ಟಿಂಗ್ ದ್ರಾವಣ ಹಚ್ಚುವುದು. ಮನೆಯ ಇಂಕ್‌ಜೆಟ್ಟಿನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಹಾಗಾಗಿ ಬಿಳಿ ಅಕ್ಷರಕ್ಕೆ ಬಿಳಿ ಟೋನರ್ ಇರುವ ಮುದ್ರಕರನ್ನೇ ಹುಡುಕಬೇಕು. ಎ4 ಹಾಳೆ ಪೂರ್ತಿ ತುಂಬಿಸಿ ಕೊಡಿ. ಅಂಕಿಗಳ ಬಿಡಿ ಸಾಲು ನಾಲ್ಕೈದು ಹೆಚ್ಚಿಗೆ ಇರಲಿ, ಮೊದಲು ಹರಿಯುವುದು ಅವೇ.