ಮೊಸರು ತಿನ್ನಿ, ಮಾತ್ರೆ ಬಿಡಬೇಡಿ

ಮನಸ್ಸಿನ ಸ್ಥಿತಿಯ ಜೊತೆ ಹೆಸರು ಕೇಳಿಬರುವ ರಾಸಾಯನಿಕ ಸೆರೊಟೋನಿನ್ ಶೇ. 90ರಷ್ಟು ಕರುಳಲ್ಲೇ ತಯಾರಾಗುತ್ತದಂತೆ, ಹಾಗಾದರೆ ಖಿನ್ನತೆಯ ಮಾತ್ರೆ ಬಿಟ್ಟು ದಿನಾ ಮೊಸರು ತಿಂದರೆ ಸಾಕಲ್ವಾ ಅಂತ ಕೇಳಿದ್ದೀರಿ. ಆ ಅಂಕಿ ಹೆಚ್ಚುಕಡಿಮೆ ಸರಿ. ಆದರೆ ಕರುಳಿನ ಸೆರೊಟೋನಿನ್ ಮಿದುಳಿಗೆ ಹೋಗುವುದೇ ಇಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆ ಅದನ್ನು ಒಳಗೆ ಬಿಡುವುದಿಲ್ಲ. ದಾಟುವುದು ಸೆರೊಟೋನಿನ್‌ನ ಕಚ್ಚಾವಸ್ತುವಾದ ಟ್ರಿಪ್ಟೊಫ್ಯಾನ್. ಹಾಲು, ಮೊಟ್ಟೆ, ಬೇಳೆಯಲ್ಲಿ ಇರುತ್ತದೆ. ಅದರಿಂದ ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಹಾಗಂತ ಹೊಟ್ಟೆಗೂ ಮನಸ್ಸಿಗೂ ಸಂಬಂಧವೇ ಇಲ್ಲ ಅಂತಲ್ಲ. ಪರೀಕ್ಷೆಯ ದಿನ ಹೊಟ್ಟೆ ಕಲಸಿದ್ದು ನೆನಪಿದೆ ಅಲ್ವಾ? ಹೊಟ್ಟೆಗೂ ಮಿದುಳಿಗೂ ಕೊಂಡಿಯಾಗಿರುವ ವೇಗಸ್ ನರದ ಜಾಸ್ತಿ ಎಳೆಗಳು ಕೆಳಗಿನಿಂದ ಮೇಲಕ್ಕೇ ಸುದ್ದಿ ಒಯ್ಯುತ್ತವೆ. ನಾನು ಎಸಿಟಾಲೊಪ್ರಾಮ್ ಅನ್ನುವ ಖಿನ್ನತೆಯ ಮಾತ್ರೆ ಶುರುಮಾಡಿದ ಮೊದಲ ವಾರ ಇಡ್ಲಿ ಕಂಡರೂ ವಾಕರಿಕೆ. ಮಾತ್ರೆ ಕರುಳಿನ ಸೆರೊಟೋನಿನ್ ಮೇಲೂ ಕೆಲಸ ಮಾಡುತ್ತದೆ, ವಾಕರಿಕೆ ಆಮೇಲೆ ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೇ ಸಮಾಧಾನವಾಗಿದ್ದು.

‘ಸೆರೊಟೋನಿನ್ ಕಡಿಮೆ ಆದರೆ ಖಿನ್ನತೆ’ ಅನ್ನುವ ಲೆಕ್ಕವೂ ಅಷ್ಟು ಸರಳವಲ್ಲ. ಮಾತ್ರೆ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಮೇಲೆ ಕೆಲಸ ಶುರುಮಾಡುತ್ತದೆ, ಮನಸ್ಸು ಹಗುರಾಗಲು ಮಾತ್ರ ವಾರಗಳೇ ಬೇಕು.

ಮೊಸರು ಧಾರಾಳವಾಗಿ ತಿನ್ನಿ. ಮಾತ್ರೆ ಸುಮ್ನೆ ನಿಲ್ಲಿಸಬೇಡಿ, ತಲೆಸುತ್ತು, ಚಡಪಡಿಕೆ ಶುರುವಾಗಬಹುದು. ಡಾಕ್ಟರ್ ಹತ್ರ ಹೇಳಿ ನಿಧಾನಕ್ಕೆ ಇಳಿಸಿ. ತೀರಾ ಕಷ್ಟ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.